ಮುಂದೆ ಪೀಚೆಕತ್ತಿ, ಬೆನ್ನಿಗೆ ಒಡಿಕತ್ತಿ

ಕೊಡವ ಗಂಡಸರು ಕುಪ್ಯ ಎಂಬ ನಿಲುವಂಗಿ ತೊಟ್ಟು, ನಡುವಿಗೆ ಕೆಂಪು ರೇಷ್ಮೆ ಚೇಲೆ ಸುತ್ತಿದರೆ ಮುಂಭಾಗದಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಳ್ಳಲೇಬೇಕು. ಹಳೆಯ ಕ್ರಮದ ಪೂರ್ತಿ ಉಡುಗೆಯಾದರೆ ಬೆನ್ನ ಹಿಂದೆ ತೋಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ ಒಡಿಕತ್ತಿಯೂ ಇರುತ್ತದೆ. ಎರಡೂ ಮಡಚಲು ಬಾರದ ಕತ್ತಿಗಳೇ. ಒಂದು ಕಣ್ಣಿಗೆ, ಇನ್ನೊಂದು ಕೈಗೆ ಎಂದು ಜನ ಸಲೀಸಾಗಿ ಭಾಗ ಮಾಡಿಬಿಡುತ್ತಾರೆ. ಹೊಸದಾಗಿ ಕೊಳ್ಳುವವರು ಎಡವುವುದು ಅಲ್ಲೇ.

ಪೀಚೆಕತ್ತಿಯ ವೈಯಾರವೆಲ್ಲ ಒರೆಯ ಮೇಲೆ. ಮರದ ಒರೆಗೆ ಬೆಳ್ಳಿ, ಹಿತ್ತಾಳೆಯ ಹೊದಿಕೆ, ಸ್ಥಿತಿವಂತರ ಮನೆಯದಾದರೆ ಚಿನ್ನದ ಕುಸುರಿಯೂ ಉಂಟು. ಪಕ್ಕಕ್ಕೆ ಇಳಿಬಿಟ್ಟ ಬೆಳ್ಳಿ ಸರಪಳಿಯ ತುದಿಯಲ್ಲಿ ಚಿಮಟ, ಗುಗ್ಗೆಕಡ್ಡಿಯಂಥ ಪುಟಾಣಿ ಸಾಮಾನುಗಳು ತೂಗುತ್ತವೆ. ಇದನ್ನೆಲ್ಲ ನೋಡಿ ಮರುಳಾದವರು ಅಲಗನ್ನು ಹೊರಗೆಳೆದು ನೋಡುವುದನ್ನೇ ಮರೆಯುತ್ತಾರೆ. ಪ್ರವಾಸಿಗರಿಗೆಂದು ಮಾಡಿದ ಎಷ್ಟೋ ಕತ್ತಿಗಳಲ್ಲಿ ಒಳಗಿರುವುದು ಹೊಳಪು ಕೊಟ್ಟ ತೆಳು ತಗಡು. ಷೋಕೇಸಿಗೆ ಅಷ್ಟು ಸಾಕು ಎನ್ನುವವರ ಜೊತೆ ಜಗಳವಿಲ್ಲ. ಆದರೆ ಮದುವೆಗೆ ಕಟ್ಟಿಕೊಳ್ಳುವ ಕತ್ತಿ ನಾವು ಬಗ್ಗಿದಾಗ ಒರೆಯಿಂದ ಜಾರಬಾರದು. ತಲೆಕೆಳಗು ಮಾಡಿ ಹಿಡಿಯಿರಿ: ಕತ್ತಿ ಬೀಳದೆ ನಿಲ್ಲಬೇಕು, ಎಳೆದರೆ ಕೊಸರಾಡದೆ ಬರಬೇಕು. ಹಿಡಿ ದಂತದ್ದು ಎಂದು ಯಾರಾದರೂ ಪಿಸುಗುಟ್ಟಿದರೆ ಮುಟ್ಟದೆ ಹೊರಟುಬಿಡಿ. ಆನೆದಂತದ ಮಾರಾಟ ಅಪರಾಧ.

ಒಡಿಕತ್ತಿಗೆ ಒರೆಯೇ ಇಲ್ಲ. ಹಿಡಿಯ ಬಳಿ ಕಿರಿದಾಗಿ ಹೊರಟ ಅಲಗು ಮುಂದೆ ಹೋದಂತೆ ಅಗಲವಾಗಿ ಒಳಕ್ಕೆ ಬಾಗುತ್ತದೆ. ಬಾಯಿ ಇರುವುದೂ ಆ ಒಳಬಾಗಿನಲ್ಲೇ. ನನ್ನ ಕಣ್ಣಿಗೆ ಎರಡರಲ್ಲಿ ಹೆಚ್ಚು ಚೆಂದದ್ದು ಇದೇ. ಅದರ ರೂಪದಲ್ಲಿ ಕೆಲಸಕ್ಕೆ ಬಾರದ್ದು ಏನೂ ಇಲ್ಲ. ತೂಕವೆಲ್ಲ ಮುಂದಕ್ಕೆ ಇರುವುದರಿಂದ ಬೀಸಿದಾಗ ತೋಳಿನ ಅರ್ಧ ಶ್ರಮವನ್ನು ಕತ್ತಿಯೇ ವಹಿಸಿಕೊಳ್ಳುತ್ತದೆ. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರದ ಹೊತ್ತಿಗೆ ಇದರ ಯೋಗ್ಯತೆ ನೆಂಟರೆಲ್ಲರ ಎದುರಿಗೇ ಬಯಲಾಗುತ್ತದೆ. ನೆಟ್ಟ ಬಾಳೆದಿಂಡು ಒಂದೇ ಏಟಿಗೆ ಉರುಳಬೇಕು. ಮೊಂಡು ಕತ್ತಿಯಾದರೆ ದಿಂಡಿನ ನಾರಿನಲ್ಲಿ ಸಿಕ್ಕಿ ನಿಂತುಬಿಡುತ್ತದೆ, ಕಡಿದವನ ಮುಖ ನೋಡುವಂತಿರುವುದಿಲ್ಲ.

ಕೊಳ್ಳುವಾಗ ಒಂದು ಕಣ್ಣು ಮುಚ್ಚಿ ಅಲಗಿನ ಬೆನ್ನಗುಂಟ ನೋಡಿ. ಸೊಟ್ಟವಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಿಡಿಯನ್ನು ಬಿಗಿಯಾಗಿ ಹಿಡಿದು ಬೆನ್ನಿನ ಕಡೆಯಿಂದ ಮರದ ಮೇಲೆ ಮೆಲ್ಲಗೆ ಕುಟ್ಟಿ. ಕಟಕಟ ಎಂದರೆ ಹಿಡಿಯೊಳಗಿನ ಬಾಲ ಸಡಿಲವಾಗಿದೆ ಎಂದರ್ಥ, ನಾಳೆ ಅಲಗೇ ಹಾರಿ ಹೋದೀತು. ಕಮ್ಮಾರರ ಬಳಿ ಮಾಡಿಸುವುದಾದರೆ ಲಾರಿಯ ಹಳೆ ಸ್ಪ್ರಿಂಗ್ ಪಟ್ಟಾ ಒಳ್ಳೆಯ ಉಕ್ಕು. ಬಾಯಿಗೆ ಹದ ಸರಿಯಾಗಿ ಕೂತಿದ್ದರೆ ಅರ ಕಚ್ಚದೆ ಜಾರುತ್ತದೆ. ಬೆನ್ನು ಮಾತ್ರ ಸ್ವಲ್ಪ ಮೆದುವಾಗಿರಬೇಕು, ಇಲ್ಲವಾದರೆ ಗಟ್ಟಿ ಮರಕ್ಕೆ ತಾಗಿದಾಗ ಮುರಿದೀತು.

ಬಾಳೆ ಕಡಿದ ಮೇಲೆ ಅಲಗನ್ನು ಹಾಗೇ ಬಿಟ್ಟು ಊಟಕ್ಕೆ ಹೋಗುವವರೇ ಹೆಚ್ಚು. ಬಾಳೆಯ ಸೊನೆ ಉಕ್ಕನ್ನು ಕಪ್ಪಾಗಿಸುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಕಲೆ ಪೂರ್ತಿ ಹೋಗದು. ಕೂಡಲೇ ತೊಳೆದು ಒರೆಸಿ, ತೆಳ್ಳಗೆ ಎಣ್ಣೆ ಸವರಿಡಿ. ಪೀಚೆಕತ್ತಿಯನ್ನೂ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧ ಪೂಜಿಸುವ ತನಕ ಒರೆಯಲ್ಲೇ ಕೂಡಿಡಬೇಡಿ. ಕೊಡಗಿನ ಮಳೆಗಾಲದ ತೇವಕ್ಕೆ ಅದು ಒಳಗೊಳಗೇ ತುಕ್ಕು ಹಿಡಿಯುತ್ತದೆ.