ಅಪ್ಪಯ್ಯನ ಜೊತೆ ಮಾತು ಬಿಟ್ಟವನು ‘ಭವ’ ಓದಿದ್ದು

ಅಪ್ಪಯ್ಯ, ನಾನು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಜಗಳ ದೊಡ್ಡದೇನಲ್ಲ. ಎಲೆಚುಕ್ಕಿ ರೋಗ ಬಂದು ಮೇಳಿಗೆಯ ನಮ್ಮ ಅಡಿಕೆ ತೋಟ ಸೊರಗಿತ್ತು. ‘ಮಾರಿಬಿಡಿ, ಬೆಂಗಳೂರಿಗೆ ಬನ್ನಿ’ ಅಂದೆ. ‘ಮಾರು ಅನ್ನಕ್ಕೆ ನೀನ್ಯಾರೋ?’ ಅಂದರು. ಅಷ್ಟೇ. ಆಮೇಲೆ ನಮ್ಮಿಬ್ಬರ ಸುದ್ದಿಯೆಲ್ಲ ಅಮ್ಮನ ಮೊಬೈಲಿನಲ್ಲೇ ಓಡಾಡುತ್ತಿತ್ತು.

ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ಶಿವಮೊಗ್ಗದ ರೈಲಿನಲ್ಲಿ ಓದಲು ಯು.ಆರ್. ಅನಂತಮೂರ್ತಿಯವರ ‘ಭವ’ ಇಟ್ಟುಕೊಂಡೆ. ಅವರು 1932ರಲ್ಲಿ ನಮ್ಮ ಮೇಳಿಗೆಯಲ್ಲೇ ಹುಟ್ಟಿದವರು. ಅಗ್ರಹಾರದ ಕಥೆ ‘ಸಂಸ್ಕಾರ’ವನ್ನು ಬರೆದದ್ದು ಮಾತ್ರ ದೂರದ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ. ಊರಿನ ಈ ಹೆಮ್ಮೆ ನನಗೆ ಬಾಯಿಪಾಠ. ಪುಸ್ತಕ ಬಿಡಿಸಿರಲಿಲ್ಲ, ಅಷ್ಟೇ.

1994ರಲ್ಲಿ ಬಂದ ‘ಭವ’ ಶುರುವಾಗೋದೂ ರೈಲಿನಲ್ಲೇ. ಪುರಾಣ ಹೇಳುವ ವೃದ್ಧ ಶಾಸ್ತ್ರಿಯ ಎದುರಿಗೆ ಅಯ್ಯಪ್ಪ ವ್ರತದ ಕಪ್ಪು ಬಟ್ಟೆ ತೊಟ್ಟ ದಿನಕರ. ಅವನ ಕೊರಳಲ್ಲೊಂದು ತಾಯಿತ. ತಾನೇ ಕೊಂದೆನೆಂದು ಶಾಸ್ತ್ರಿ ನಂಬಿದ್ದ ಹೆಂಡತಿ ಸರೋಜಳ ತಾಯಿತದಂತೆಯೇ ಇದೆ! ಹಾಗಾದರೆ ಅವಳು ಬದುಕಿದ್ದಳೇ? ಇವನು ನನ್ನ ಮಗನೇ? ಗಟ್ಟಿ ಉತ್ತರ ಕೊನೆಯವರೆಗೂ ಸಿಗೋದಿಲ್ಲ. ದಿನಕರನಿಗೂ ಅಂಥದ್ದೇ ಗೊಂದಲ. ಗಂಗೂಬಾಯಿಯ ಮಗ ಪ್ರಸಾದ ತನ್ನವನೋ, ಗೆಳೆಯ ನಾರಾಯಣ ತಂತ್ರಿಯ ಮಗನೋ?

ಓದುತ್ತಾ ಓದುತ್ತಾ ಪುಸ್ತಕ ಮುಚ್ಚಿಟ್ಟೆ. ಆ ಮುದುಕನಿಗೆ ಒಂದು ತಾಯಿತ ಬಿಟ್ಟರೆ ಬೇರೆ ಆಧಾರವಿಲ್ಲ, ಆದರೂ ಜೀವ ತುಡಿಯುತ್ತದೆ. ನಮಗೋ ಯಾವ ಅನುಮಾನವೂ ಇಲ್ಲ. ಮೂಗು ಒಂದೇ, ಹಟವೂ ಒಂದೇ. ಆದರೂ ‘ತಪ್ಪು ಯಾರದ್ದು’ ಅನ್ನೋದು ತೀರ್ಮಾನವಾಗಲಿ ಅಂತ ಇಬ್ಬರೂ ಕಾಯುತ್ತಾ ಕೂತಿದ್ದೆವು. ಅದು ತೀರ್ಮಾನವಾಗದೆಯೂ ಮಾತಾಡಬಹುದಲ್ಲ ಅಂತ ಹೊಳೆದದ್ದು ಆಗಲೇ.

ಬೆಳಿಗ್ಗೆ ತೀರ್ಥಹಳ್ಳಿಗೆ ಬಂದು, ಬಸ್ಸು ಬದಲಿಸಿ ಮನೆ ಮುಟ್ಟಿದಾಗ ಅಪ್ಪಯ್ಯ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು.

‘ಈ ಸಲ ಎಷ್ಟು ಕ್ವಿಂಟಾಲ್ ಆಗಬಹುದು, ಅಪ್ಪಯ್ಯ?’

ಅವರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಹೋದ ವರ್ಷದ್ದರಲ್ಲಿ ಅರ್ಧ ಆದ್ರೆ ಪುಣ್ಯ. ಮೊದ್ಲು ಕಾಫಿ ಕುಡಿ. ಆಮೇಲೆ ತೋಟಕ್ಕೆ ಹೋಗಿ ಬರೋಣ’ ಅಂದರು.

ತೋಟದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಈಗಲೂ ಆ ಮಾತು ಬಂದರೆ ಇಬ್ಬರ ದನಿಯೂ ಏರುತ್ತದೆ. ಆದರೆ ಭಾನುವಾರದ ನನ್ನ ಫೋನ್ ಈಗ ಅಮ್ಮನಿಗಲ್ಲ, ನೇರವಾಗಿ ಅಪ್ಪಯ್ಯನಿಗೇ.

ನೀವೂ ಮನೆಯಲ್ಲಿ ಯಾರ ಜೊತೆಗಾದರೂ ಮಾತು ಬಿಟ್ಟಿದ್ದೀರಾ? ಹಾಗಿದ್ದರೆ ಮುಂದಿನ ಸಲ ಊರಿಗೆ ಹೋಗುವಾಗ ‘ಭವ’ ಬ್ಯಾಗಿನಲ್ಲಿರಲಿ.