ಸ್ತನ ಕ್ಯಾನ್ಸರ್: ಔಷಧಿಯೂ ಕಾಲವೂ

'ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ?' ಎಂಬ ಗಾದೆಯನ್ನು ನಾವು ಪ್ರತಿ ವರ್ಷ ಎಂಟನೆಯ ಇಯತ್ತೆಯ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತೇವೆ. ಮಕ್ಕಳು ಜಗಳದ ಉದಾಹರಣೆ ಕೊಡುತ್ತಾರೆ, ಸಾಲದ ಉದಾಹರಣೆ ಕೊಡುತ್ತಾರೆ, ಹೊಲದ ಕಳೆಯ ಉದಾಹರಣೆಯನ್ನೂ ಕೊಡುತ್ತಾರೆ. ರೋಗದ ಉದಾಹರಣೆಯನ್ನು ಇದುವರೆಗೆ ಯಾರೂ ಬರೆದಿಲ್ಲ. ಆ ಉದಾಹರಣೆಯನ್ನು ನಾವು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಕಣ್ಣಾರೆ ಕಂಡೆವು. ಆದುದರಿಂದಲೇ ಕನ್ನಡ ಕಲಿಸುವ ನಾವು ಈ ಸಂಚಿಕೆಗೆ ವಿಜ್ಞಾನದ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ. ಸ್ತನ ಕ್ಯಾನ್ಸರ್ ಎಂಬ ಹೆಸರನ್ನು ಹೇಳುವುದಕ್ಕೇ ನಮ್ಮ ಮನೆಗಳಲ್ಲಿ ನಾಚಿಕೆ. ಆ ನಾಚಿಕೆಯೇ ರೋಗಕ್ಕೆ ಅರ್ಧ ಬಲ.

ರೋಗವೆಂದರೇನು?

ನಮ್ಮ ದೇಹ ಕೋಟ್ಯನುಕೋಟಿ ಜೀವಕೋಶಗಳಿಂದ ಆದುದು. ಹಳೆಯ ಕೋಶ ಸಾಯುವುದಕ್ಕೂ ಹೊಸದು ಹುಟ್ಟುವುದಕ್ಕೂ ಒಂದು ಲೆಕ್ಕವಿದೆ. ಯಾವುದೋ ಒಂದು ಕೋಶ ಈ ಲೆಕ್ಕ ತಪ್ಪಿಸಿ ಬೆಳೆಯತೊಡಗಿದರೆ ಗಂಟು ಆಗುತ್ತದೆ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಸ್ತನದಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳೇ. ಆದರೆ ಕ್ಯಾನ್ಸರಿನ ಗಂಟು ಇದ್ದಲ್ಲಿಯೇ ಇರುವುದಿಲ್ಲ. ಅದರ ಕೋಶಗಳು ಕಂಕುಳಿನ ಗ್ರಂಥಿಗಳಿಗೆ, ಅಲ್ಲಿಂದಾಚೆ ಎಲುಬು, ಶ್ವಾಸಕೋಶ, ಯಕೃತ್ತುಗಳಿಗೆ ಹೋಗಿ ನೆಲಸಬಲ್ಲವು. ವೈದ್ಯರು ಇದನ್ನು ನಾಲ್ಕು ಹಂತಗಳಾಗಿ ಎಣಿಸುತ್ತಾರೆ. ಒಂದನೆಯ ಹಂತದಲ್ಲಿ ಗಂಟು ಚಿಕ್ಕದು. ನಾಲ್ಕನೆಯದರಲ್ಲಿ ರೋಗವು ದೂರದ ಅಂಗಗಳಿಗೆ ಹರಡಿರುತ್ತದೆ.

2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಹಿಳೆಯರಿಗೆ ಈ ರೋಗ ಹೊಸದಾಗಿ ಕಾಣಿಸಿಕೊಂಡಿತೆಂದೂ ಸುಮಾರು 6 ಲಕ್ಷ 70 ಸಾವಿರ ಮಂದಿ ತೀರಿಕೊಂಡರೆಂದೂ ಅಂದಾಜು. ಅದೇ ವರ್ಷ ಭಾರತದಲ್ಲಿ ಹೊಸ ರೋಗಿಗಳು ಸುಮಾರು 1 ಲಕ್ಷ 92 ಸಾವಿರ, ಮರಣ ಹೊಂದಿದವರು ಸುಮಾರು 98 ಸಾವಿರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಜಗತ್ತಿನ ಲೆಕ್ಕದಲ್ಲಿ ಮರಣ ಹೊಸ ರೋಗಿಗಳ ಮೂರನೆಯ ಒಂದು ಪಾಲಿಗಿಂತ ಕಡಿಮೆ. ನಮ್ಮ ದೇಶದಲ್ಲಿ ಅರ್ಧದಷ್ಟು. ಔಷಧಿಗಳೇ ಇಲ್ಲವೆಂದು ಹೀಗಾಗುತ್ತಿದೆಯೇ? ಅದನ್ನು ಮೊದಲು ನೋಡೋಣ.

ಔಷಧಿಯ ಕಥೆ

1896ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಅಂಡಾಶಯಗಳನ್ನು ತೆಗೆದರೆ ಸ್ತನದ ಗಂಟು ಕುಗ್ಗುವುದುಂಟೆಂದು ತೋರಿಸಿದರು. ಅಂಡಾಶಯದ ಹಾರ್ಮೋನು ಕೆಲವು ಗಂಟುಗಳಿಗೆ ಗೊಬ್ಬರದಂತೆ ಎಂಬುದು ಬಳಿಕ ತಿಳಿಯಿತು. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಶಾಲೆಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಒಂದು ಹೊಸ ವಸ್ತುವನ್ನು ತಯಾರಿಸಿದರು. ಅವರ ತಂಡ ಹುಡುಕುತ್ತಿದ್ದುದು ಗರ್ಭನಿರೋಧಕ ಮಾತ್ರೆಯನ್ನು. ಆ ಕೆಲಸಕ್ಕೆ ಅದು ಬರಲಿಲ್ಲ. ಆದರೆ ಅದು ಗಂಟಿಗೆ ಹಾರ್ಮೋನು ತಲುಪದಂತೆ ತಡೆಯುತ್ತಿತ್ತು. 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ವೈದ್ಯರು ರೋಗ ಬಹಳ ಬೆಳೆದಿದ್ದ 46 ಮಹಿಳೆಯರಿಗೆ ಕೊಟ್ಟಾಗ 10 ಮಂದಿಗೆ ಗುಣ ಕಂಡಿತೆಂದು ಪ್ರಕಟಿಸಿದರು. ಅದೇ ಟ್ಯಾಮಾಕ್ಸಿಫೆನ್. ಹಾರ್ಮೋನಿಗೆ ಸ್ಪಂದಿಸುವ ರೋಗವುಳ್ಳವರು ಐದು ವರ್ಷ ಈ ಮಾತ್ರೆ ತೆಗೆದುಕೊಂಡರೆ ಆ ರೋಗದಿಂದಾಗುವ ಮರಣ ಸುಮಾರು ಮೂರನೆಯ ಒಂದು ಪಾಲು ಇಳಿಯುತ್ತದೆ. ಸೋತ ವಸ್ತುವೆಂದು ಎಸೆದಿದ್ದರೆ ಎಷ್ಟು ಜೀವಗಳು ಹೋಗುತ್ತಿದ್ದವು!

ಎಲ್ಲ ಸ್ತನ ಕ್ಯಾನ್ಸರೂ ಒಂದೇ ಬಗೆಯದಲ್ಲ. 1987ರಲ್ಲಿ ಲಾಸ್ ಏಂಜಲಿಸ್‌ನ ಡೆನ್ನಿಸ್ ಸ್ಲಾಮನ್ ಮತ್ತು ಸಂಗಡಿಗರು, ಕೆಲವರ ಗಂಟಿನಲ್ಲಿ ಹರ್-ಟೂ ಎಂಬ ಅಂಶ ವಿಪರೀತವಾಗಿರುತ್ತದೆ, ಅಂಥವರ ರೋಗ ಬೇಗ ಮರುಕಳಿಸುತ್ತದೆ ಎಂದು ತೋರಿಸಿದರು. ಆ ಅಂಶವನ್ನೇ ಹುಡುಕಿ ಹಿಡಿಯುವ ಟ್ರಾಸ್ಟುಜುಮಾಬ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಬೆಲೆ ಮಾತ್ರ ಬಡವರಿಗೆ ಎಟಕುವಂತಿರಲಿಲ್ಲ. ಬೆಂಗಳೂರಿನ ಬಯೋಕಾನ್ ಕಂಪನಿ ತಯಾರಿಸಿದ ಅದರ ಸಮಾನ ಔಷಧಿಗೆ 2013ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. 2019ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಇನ್ನೊಂದು ಹೆಜ್ಜೆ ಮುಂದಿನದು. ಅದು ವಿಳಾಸ ಬರೆದ ಲಕೋಟೆಯಂತೆ. ವಿಷದಂತಹ ಮದ್ದನ್ನು ಹೊತ್ತುಕೊಂಡು ಕ್ಯಾನ್ಸರಿನ ಕೋಶದ ಬಾಗಿಲಿಗೇ ಹೋಗಿ ಬಿಚ್ಚಿಕೊಳ್ಳುತ್ತದೆ.

ಹೊಸ ವಸ್ತುವೊಂದು ಔಷಧಿಯಾಗುವುದು ಸುಲಭದ ಮಾತಲ್ಲ. ಮೊದಲು ಗಾಜಿನ ನಳಿಗೆಯಲ್ಲಿ, ಬಳಿಕ ಪ್ರಾಣಿಗಳಲ್ಲಿ, ಆಮೇಲೆ ಕೆಲವೇ ರೋಗಿಗಳಲ್ಲಿ, ಕೊನೆಗೆ ನೂರಾರು ಸಾವಿರಾರು ರೋಗಿಗಳಲ್ಲಿ ಪರೀಕ್ಷೆ ನಡೆಯಬೇಕು. ನಮ್ಮ ಮಕ್ಕಳ ಪರೀಕ್ಷೆಗಿಂತ ಇದು ಕಠಿಣ. ಅಭ್ಯರ್ಥಿಗಳಲ್ಲಿ ಹೆಚ್ಚಿನವು ನಡುವೆಯೇ ನಪಾಸಾಗುತ್ತವೆ. ಪಾಸಾದವೆಲ್ಲ ದುಬಾರಿಯೇ ಆಗಬೇಕೆಂದಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಭಾರತದ 11 ಕೇಂದ್ರಗಳಲ್ಲಿ 1,600 ಮಹಿಳೆಯರ ಮೇಲೆ ಒಂದು ಪ್ರಯೋಗ ಮಾಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಸ್ತ್ರಕ್ರಿಯೆಗೆ ಸ್ವಲ್ಪ ಮೊದಲು ಗಂಟಿನ ಸುತ್ತ ಲಿಗ್ನೋಕೇನ್ ಚುಚ್ಚುವುದು, ಅಂದರೆ ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಅಗ್ಗದ ಮದ್ದನ್ನೇ ಚುಚ್ಚುವುದು. ಇಷ್ಟರಿಂದಲೇ ಐದು ವರ್ಷಗಳ ಬಳಿಕ ಬದುಕಿರುವವರ ಪ್ರಮಾಣ ನೂರಕ್ಕೆ 86ರಿಂದ 90ಕ್ಕೆ ಏರಿತು. ಆದರೆ ಗಮನಿಸಿರಿ, ಇದು ರೋಗ ಇನ್ನೂ ಬೆಳೆಯದೆ ಬೇಗ ಆಸ್ಪತ್ರೆಗೆ ಬಂದ ಮಹಿಳೆಯರ ಮಾತು.

ಕಳೆದುಹೋಗುವ ದಿನಗಳು

ಇಲ್ಲಿಯೇ ಗಾದೆ ನೆನಪಾಗುವುದು. 1999ರಲ್ಲಿ ಇಂಗ್ಲೆಂಡಿನ ಸಂಶೋಧಕರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಲಕ್ಷಣ ಕಂಡು ಮೂರು ತಿಂಗಳು ಅಥವಾ ಹೆಚ್ಚು ತಡಮಾಡಿದವರಲ್ಲಿ ಐದು ವರ್ಷ ಬದುಕಿ ಉಳಿದವರು, ಬೇಗ ಬಂದವರಿಗಿಂತ ನೂರಕ್ಕೆ 12ರಷ್ಟು ಕಡಿಮೆ. ಇಷ್ಟು ವ್ಯತ್ಯಾಸ ತರುವ ಹೊಸ ಔಷಧಿ ಸಿಕ್ಕರೆ ಜಗತ್ತೇ ಹಬ್ಬ ಮಾಡೀತು. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯು, ರೋಗಿ ಮೊದಲ ಬಾರಿ ವೈದ್ಯರ ಬಳಿ ಹೋದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕೆಂಬ ಗುರಿಯನ್ನು ಇಟ್ಟಿದೆ.

ನಮ್ಮ ಹಳೆಯ ವಿದ್ಯಾರ್ಥಿನಿಯ ತಾಯಿಗೆ ದೀಪಾವಳಿಯ ಎಣ್ಣೆ ನೀರಿನ ದಿನ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿತು. 'ನೋವಿಲ್ಲಲ್ರೀ, ಏನಾಗತೈತಿ' ಎಂದು ಬಿಟ್ಟರು. ಜೋಳದ ರಾಶಿ ಬಂತು. ಆಮೇಲೆ ಮಗಳ ಹತ್ತನೆಯ ಪರೀಕ್ಷೆ ಬಂತು. ಬೇಸಗೆಯಲ್ಲಿ ಒಬ್ಬ ವೈದ್ಯರಿಗೆ ತೋರಿಸಿದರು. ಅವರು ಮುಟ್ಟಿ ನೋಡದೆ ಮುಲಾಮು ಕೊಟ್ಟು ಕಳಿಸಿದರು. ಎರಡು ತಿಂಗಳ ಬಳಿಕ ಇನ್ನೊಬ್ಬ ವೈದ್ಯರು ಬಯಾಪ್ಸಿ ಮಾಡಿಸಬೇಕೆಂದು ಇಂಗ್ಲಿಷಿನಲ್ಲಿ ಚೀಟಿ ಬರೆದು, ಮರಾಠಿಯಲ್ಲಿ ಅವಸರದಿಂದ ವಿವರಿಸಿದರು. ತಾಯಿಗೆ ಬರುವುದು ಸಂತೆಯ ಮರಾಠಿ. 'ಸೂಜಿ ಚುಚ್ಚಿದರ ರೋಗ ಹಬ್ಬತೈತಿ' ಎಂದು ನೆರೆಯವರು ಹೆದರಿಸಿದರು. ಚೀಟಿ ತೊಗರಿಬೇಳೆಯ ಡಬ್ಬಿ ಸೇರಿತು.

ಒಂದು ತಿಂಗಳಾದ ಮೇಲೆ ಮಗಳು ಆ ಚೀಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. 'ಓದಾಕ ಬರತೈತ್ರಿ ಅಕ್ಕೋರ, ತಿಳಿಯಾಂಗಿಲ್ಲ' ಎಂದಳು. ಮನೆಯಲ್ಲಿ ಐದು ತಿಂಗಳು, ಮುಲಾಮಿನಲ್ಲಿ ಎರಡು, ಡಬ್ಬಿಯಲ್ಲಿ ಒಂದು, ಒಟ್ಟು ಎಂಟು ತಿಂಗಳು. ಗಂಟು ನಿಂಬೆಹಣ್ಣಿನಷ್ಟಾಗಿ ಕಂಕುಳಿಗೂ ಇಳಿದಿತ್ತು. ಈಗ ಅವರು ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ, ಧೈರ್ಯದಿಂದಿದ್ದಾರೆ. ಆದರೆ ಸಣ್ಣ ಶಸ್ತ್ರಕ್ರಿಯೆಯಲ್ಲಿ ಮುಗಿಯಬಹುದಾಗಿದ್ದುದಕ್ಕೆ ಈಗ ದೊಡ್ಡ ಶಸ್ತ್ರಕ್ರಿಯೆಯೂ ತಿಂಗಳುಗಟ್ಟಲೆ ಔಷಧಿಯೂ ಬೇಕಾಗಿವೆ. ಎರಡು ಭಾಷೆ ಕಲಿಸಿದ ನಮ್ಮ ಶಾಲೆ ಆ ಒಂದು ಶಬ್ದದ ಅರ್ಥ ಕಲಿಸಿರಲಿಲ್ಲವಲ್ಲ ಎಂಬ ನೋವು ನಮ್ಮನ್ನು ಬಿಟ್ಟಿಲ್ಲ.

ಅರ್ಥ ಇಷ್ಟೇ: ಗಂಟಿನಿಂದ ಸೂಜಿಯ ಮೂಲಕ ಒಂದು ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. ರೋಗ ಹೌದೋ ಅಲ್ಲವೋ, ಯಾವ ಬಗೆಯದು, ಯಾವ ಔಷಧಿ ಹತ್ತುತ್ತದೆ ಎಂಬುದೆಲ್ಲ ಅದರಿಂದಲೇ ತಿಳಿಯಬೇಕು. ಸೂಜಿಯ ಭಯದಿಂದ ಅದನ್ನು ಮುಂದೂಡುವುದೇ ನಿಜವಾದ ಅಪಾಯ.

ಕೈಯಿಂದ ನೋಡುವ ಪರೀಕ್ಷೆ

ಬೇಗ ಕಂಡುಹಿಡಿಯಲು ದೊಡ್ಡ ಯಂತ್ರವೇ ಬೇಕೆ? ಇದನ್ನು ತಿಳಿಯಲು ಟಾಟಾ ಸ್ಮಾರಕದವರು 1998ರಲ್ಲಿ ಮುಂಬಯಿಯಲ್ಲಿ ಒಂದು ಅಧ್ಯಯನ ಆರಂಭಿಸಿದರು. 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಮಹಿಳೆಯರು ಅದರಲ್ಲಿದ್ದರು. ಅರ್ಧ ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಕೈಯಿಂದ ಮುಟ್ಟಿ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷೆಗೊಳಗಾದವರಲ್ಲಿ ರೋಗ ಮೊದಲ ಹಂತಗಳಲ್ಲೇ ಸಿಕ್ಕಿತು. 50 ದಾಟಿದವರಲ್ಲಿ ಮರಣ ಸುಮಾರು ನೂರಕ್ಕೆ 30ರಷ್ಟು ಇಳಿಯಿತು. ಅದಕ್ಕಿಂತ ಚಿಕ್ಕವರಲ್ಲಿ ಮರಣ ಇಳಿದುದು ಕಂಡುಬರಲಿಲ್ಲ ಎಂಬುದನ್ನೂ ಸಂಶೋಧಕರು ಮುಚ್ಚಿಡದೆ ಹೇಳಿದ್ದಾರೆ.

ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೂ ಈ ಚರಿತ್ರೆಯಲ್ಲಿದೆ. ಹಳ್ಳಿಗಳ ಕ್ಯಾನ್ಸರ್ ರೋಗಿಗಳ ಲೆಕ್ಕವಿಡುವ ಭಾರತದ ಮೊದಲ ಗ್ರಾಮೀಣ ನೋಂದಣಿ 1987ರಲ್ಲಿ ಅಲ್ಲಿಯೇ ಆರಂಭವಾಯಿತು. ಅದರ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ ಲಕ್ಷಣಗಳನ್ನು ತಿಳಿಸಿ ಹೇಳಿದರು. ಅಷ್ಟರಿಂದಲೇ ಗರ್ಭಕೊರಳಿನ ಕ್ಯಾನ್ಸರ್ ರೋಗಿಗಳು ಮೊದಲಿಗಿಂತ ಮುಂಚಿನ ಹಂತದಲ್ಲಿ ಬರತೊಡಗಿದರು. ಮಾತೂ ಒಂದು ಔಷಧಿಯೇ.

ಪೋಷಕರಿಗೂ ಮಕ್ಕಳಿಗೂ

ತಾಯಂದಿರೇ, ಸ್ತನದಲ್ಲಿಯಾಗಲಿ ಕಂಕುಳಿನಲ್ಲಿಯಾಗಲಿ ಹೊಸ ಗಂಟು, ಚರ್ಮ ಕುಳಿಬೀಳುವುದು ಅಥವಾ ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತ ಒಸರುವುದು ಇವುಗಳಲ್ಲಿ ಯಾವುದು ಕಂಡರೂ ನೋವಿಗಾಗಿ ಕಾಯಬೇಡಿರಿ. ಮೊದಲಲ್ಲಿ ನೋವು ಇರದಿರುವುದೇ ಹೆಚ್ಚು. ಸರಕಾರಿ ಕಾರ್ಯಕ್ರಮದಂತೆ 30 ದಾಟಿದ ಮಹಿಳೆಯರಿಗೆ ಈ ತಪಾಸಣೆ ಮಾಡಬೇಕೆಂದಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ತಂದೆಯಂದಿರೇ, ರಾಶಿ ಎರಡು ದಿನ ತಡೆದೀತು, ಇದು ತಡೆಯದು. ನಿಮ್ಮಲ್ಲಿಯೂ ಅಪರೂಪಕ್ಕೆ ಈ ರೋಗ ಬರುವುದುಂಟು. ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ.

ವಿದ್ಯಾರ್ಥಿಗಳೇ, ಗಡಿನಾಡಿನ ಮನೆಗಳಲ್ಲಿ ಚೀಟಿ ಓದಿ ಹೇಳುವವರು ನೀವೇ. ಮರಾಠಿಯಲ್ಲಿ 'ಗಾಠ್' ಎಂದರೂ ಕನ್ನಡದಲ್ಲಿ 'ಗಂಟು' ಎಂದರೂ ಒಂದೇ. ಅವ್ವನ ಜೊತೆ ದವಾಖಾನೆಗೆ ಹೋಗಿರಿ. ತಿಳಿಯದ ಶಬ್ದವನ್ನು ವೈದ್ಯರನ್ನೇ ಮತ್ತೊಮ್ಮೆ ಕೇಳಿರಿ. ಅಲ್ಲಿ ಆಗದಿದ್ದರೆ ಶಾಲೆಗೆ ತನ್ನಿರಿ. ಯಾವ ಚೀಟಿಯೂ ಡಬ್ಬಿ ಸೇರದಿರಲಿ.

ಈ ಲೇಖನ ಬರೆಯುವ ಮೊದಲು ನಾವು ಆ ತಾಯಿಯನ್ನು ಕೇಳಿದೆವು. ಅವರೆಂದರು: 'ಬರೀರಿ ಅಕ್ಕೋರ. ಹೆಸರಷ್ಟು ಬ್ಯಾಡ್ರಿ. ಆದರ ಎಂಟು ತಿಂಗಳು ಅನ್ನೂದು ಮಾತ್ರ ಬಿಡಬ್ಯಾಡ್ರಿ.'