ಬರ್ಮಿಂಗ್‌ಹ್ಯಾಮಿನಲ್ಲಿ ಮೂರು ದಿನ ರಜಾ!

ಮೂರು ದಿನ ಸಾಲು ರಜೆ ಅಂದರೆ ನಿಮಗೇನು ನೆನಪಾಗುತ್ತದೆ, ಚಿತ್ರರಸಿಕರೇ? ಹೊಸ ಪಿಕ್ಚರು, ಬ್ಲ್ಯಾಕ್ ಟಿಕೆಟ್ಟು, ರಾತ್ರಿ ಬಸ್ಸು! ನಮ್ಮ ಕವಲೇದುರ್ಗದವರಿಗೆ ಮಾತ್ರ ನೆನಪಾಗುವುದು ಬೆಂಗಳೂರಿನ ಕಾರುಗಳು. 2022ರಲ್ಲಿ ಆಗಸ್ಟ್ 15 ಸೋಮವಾರ ಬಿತ್ತು ನೋಡಿ, ಶನಿವಾರದಿಂದಲೇ ಕೋಟೆಗೆ ಜಾತ್ರೆ! ಗದ್ದೆ ಬದುವಿನ ಮೇಲೆ ಬೂಟುಗಾಲು, ಜಡಿಮಳೆಯಲ್ಲಿ ಬಣ್ಣಬಣ್ಣದ ರೈನ್‌ಕೋಟು... ಕೆಳದಿ ನಾಯಕರ ಕಾಲದಲ್ಲಿ ‘ಭುವನಗಿರಿ’ ಎನಿಸಿಕೊಂಡಿದ್ದ ದುರ್ಗದ ಮೇಲೆ ಸೆಲ್ಫಿಗೆ ಸಾಲು. ಇದನ್ನೆಲ್ಲ ಫೋನಿನಲ್ಲಿ ನನಗೆ ರನ್ನಿಂಗ್ ಕಾಮೆಂಟರಿ ಕೊಟ್ಟವರು ನಮ್ಮಜ್ಜ. ನಾನಿದ್ದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಒಂದು ವರ್ಷದ ಎಂ.ಎಸ್ಸಿ. ಓದುತ್ತಾ.

ಆ ತಿಂಗಳ ಮೊದಲ ವಾರ ಆ ಊರಿನಲ್ಲೂ ಜಾತ್ರೆಯೇ. ಕಾಮನ್‌ವೆಲ್ತ್ ಕ್ರೀಡಾಕೂಟ! ನಮ್ಮ ಘಟ್ಟದ ಕೆಳಗಿನ ಕುಂದಾಪುರದ ಗುರುರಾಜ ಪೂಜಾರಿ ಭಾರ ಎತ್ತಿ ಕಂಚು ಗೆದ್ದದ್ದು ಅಲ್ಲೇ. ಆಗಸ್ಟ್ 8ಕ್ಕೆ ಕೂಟ ಮುಗಿಯಿತು. ಊರು ತಣ್ಣಗಾಯಿತು. ಅಷ್ಟರಲ್ಲಿ ಬಂತು ‘ಬ್ಯಾಂಕ್ ಹಾಲಿಡೇ’.

ಇದೊಂದು ಮಜಾ ರಜೆ. ಯಾವ ದೇವರ ಹಬ್ಬ? ಯಾವ ಮಹಾತ್ಮನ ಜಯಂತಿ? ಯಾವುದೂ ಅಲ್ಲ ಸ್ವಾಮಿ! ಬ್ಯಾಂಕಿಗೆ ಬೀಗ ಹಾಕಲೆಂದು 1871ರಲ್ಲಿ ಕಾನೂನು ಮಾಡಿ ಕೊಟ್ಟ ರಜೆ, ದೇಶಕ್ಕೇ ಹಬ್ಬವಾಯಿತು. ಮೊದಲು ಆಗಸ್ಟಿನ ಮೊದಲ ಸೋಮವಾರ ಇತ್ತು. 1965ರಲ್ಲಿ ಪರೀಕ್ಷೆಗೆಂದು ತಿಂಗಳ ಕೊನೆಗೆ ತಳ್ಳಿದರು. ಅಲ್ಲೇ ನಿಂತಿತು. ನಮ್ಮ ಮೇಳಿಗೆಯ ಯು. ಆರ್. ಅನಂತಮೂರ್ತಿ ಅದೇ ಊರಿನಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಕಾಲ ಅದು.

ಶುಕ್ರವಾರ ಸಂಜೆಯೇ ನನ್ನ ಜತೆ ಅಡುಗೆಮನೆ ಹಂಚಿಕೊಂಡಿದ್ದ ಹುಡುಗರೆಲ್ಲ ಬ್ಯಾಗು ಏರಿಸಿ ಹೊರಟರು. ಒಬ್ಬ ಅಮ್ಮನ ಮನೆಗೆ, ಒಬ್ಬ ಸಮುದ್ರಕ್ಕೆ, ಇನ್ನೊಬ್ಬ ಹುಡುಗಿಯ ಜತೆ (ಎಲ್ಲಿಗೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ). ಉಳಿದವನು ನಾನು, ಮತ್ತು ಸೆಪ್ಟೆಂಬರಿನಲ್ಲಿ ಒಪ್ಪಿಸಬೇಕಾದ ನನ್ನ ಪ್ರಬಂಧ.

ಶನಿವಾರ ಬೆಳಗ್ಗೆ ಆರೂವರೆಗೆ ಫೋನು. ಊರಲ್ಲಿ ಆಗ ಹನ್ನೊಂದು ಗಂಟೆ.

“ಅಜ್ಜ ಹೋದ್ರು ಕಣೋ.”

ಅಪ್ಪ ಎರಡು ನಿಮಿಷ ಏನೂ ಹೇಳಲಿಲ್ಲ. ಮಳೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ಆಮೇಲೆ, “ನೀನು ಬರೋದು ಬ್ಯಾಡ. ಬಂದು ಮುಟ್ಟೋದ್ರೊಳಗೆ ಎಲ್ಲ ಮುಗಿದಿರ್ತದೆ. ಬರೆಯೋದು ಮುಗಿಸು” ಅಂದರು. ಆದರೂ ಟಿಕೆಟ್ ನೋಡಿದೆ. ರಜೆಯ ದರ! ಅದನ್ನು ಕೊಟ್ಟರೂ ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ತೀರ್ಥಹಳ್ಳಿ... ಸೋಮವಾರವೇ ಆಗುತ್ತಿತ್ತು. ‘ನಾನು ಬರೋವರೆಗೆ ಇಡಿ’ ಎಂಬ ಮಾತು ಗಂಟಲವರೆಗೆ ಬಂದು ನಿಂತಿತು.

ಹನ್ನೊಂದೂವರೆಗೆ ತಮ್ಮ ವಿಡಿಯೋ ಕಾಲ್ ಮಾಡಿದ. ನಮ್ಮೂರಿನ ನೆಟ್‌ವರ್ಕು ನಿಮಗೆ ಗೊತ್ತಲ್ಲ! ತಗಡಿನ ಮಾಡು, ಒದ್ದೆ ಸೌದೆ, ಕೊಡೆಗಳು. ಅಪ್ಪನ ಕೈ ಮೇಲೆದ್ದದ್ದು ಹಾಗೆಯೇ ನಿಂತುಬಿಟ್ಟಿತು. ಚಿತ್ರ ಮತ್ತೆ ಅಲ್ಲಾಡಿದಾಗ ಬರೀ ಹೊಗೆ.

ಅಜ್ಜ ಕಟ್ಟಾ ರಾಜಕುಮಾರ್ ಅಭಿಮಾನಿ. ‘ಸಂಸ್ಕಾರ’ ನೋಡಲು ಶಿವಮೊಗ್ಗಕ್ಕೆ ಹೋದದ್ದು ನಮ್ಮ ಸೀಮೆಯವರು ಬರೆದ ಕಥೆ ಅಂತ. ಬಂದು ಬೈದದ್ದೇ ಬೈದದ್ದು! “ರಾಜಕುಮಾರ್ ಇಲ್ಲ, ಒಂದು ಹಾಡಿಲ್ಲ. ಹೆಣ ಇಟ್ಕೊಂಡು ನಮ್ಮನ್ನ ಕೂರಿಸಿದ್ರು ಮಾರಾಯ!” ಬೈಯುತ್ತಲೇ ಆ ಕಥೆಯನ್ನು ನನಗೆ ನೂರು ಸಲ ಹೇಳಿದ್ದರು.

ಅವತ್ತು ರಾತ್ರಿ ಖಾಲಿ ಅಡುಗೆಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಆ ಚಿತ್ರ ಹಾಕಿದೆ. ಪಟ್ಟಾಭಿರಾಮ ರೆಡ್ಡಿಯವರ 1970ರ ಚಿತ್ರ. ಮದರಾಸಿನ ಸೆನ್ಸಾರಿನವರು ತಡೆದರೂ ಕಡೆಗೆ ರಾಷ್ಟ್ರಪತಿಗಳ ಚಿನ್ನದ ಪದಕ ಗೆದ್ದದ್ದು. ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್ (ಇವರೂ ಆಕ್ಸ್‌ಫರ್ಡಿನಲ್ಲಿ ಓದಿ ಬಂದವರೇ!), ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ತಮ್ಮ ಗುರು ಮಾಲ್ಕಮ್ ಬ್ರಾಡ್‌ಬರಿ ಜತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರಂತೆ. ಸ್ವೀಡಿಷ್ ಚಿತ್ರ, ಸಬ್‌ಟೈಟಲ್ಲೂ ಇಲ್ಲ! ಪ್ಲೇಗು, ಸಾವು, ದೇವರು... ಭಾಷೆ ತಿಳಿಯದಿದ್ದರೂ ತೀರ್ಥಹಳ್ಳಿಯ ಕಡೆಯ ಹುಡುಗನಿಗೆ ತನ್ನೂರು ಕಂಡಿತು. ಕಾದಂಬರಿ ಹುಟ್ಟಿದ್ದು ಹೀಗೆ, ಅದೂ ಕನ್ನಡದ ಸೊಲ್ಲು ಕೇಳದ ಊರಿನಲ್ಲಿ.

ಮೊದಲು ಎರಡು ಸಲ ನೋಡಿದ್ದೆ. ಆದರೆ ಒಂದು ಸಂಗತಿ ನನಗೆ ತಾಕಿದ್ದು ಅವತ್ತೇ. ಹೆಣ ಎತ್ತುವವರೆಗೆ ಅಗ್ರಹಾರದವರು ಊಟ ಮಾಡುವಂತಿಲ್ಲ. ಪರದೆಯ ಮೇಲೆ ಎಲ್ಲರಿಗೂ ಹಸಿವು. ನಾನೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ನನ್ನಜ್ಜನ ಚಿತೆ ಉರಿದು ಒಂಬತ್ತು ಗಂಟೆ ದಾಟಿತ್ತು, ನಾನು ಊಟ ಮಾಡಬಹುದಿತ್ತು... ಅನ್ನಕ್ಕೆ ಇಟ್ಟೆ. ತಿನ್ನಲಾಗಲಿಲ್ಲ.

ಭಾನುವಾರ ನೆನಪಿಲ್ಲ. ಸೋಮವಾರ ಸಂಜೆ ಹುಡುಗರು ಬಿಸಿಲಿಗೆ ಕೆಂಪಗೆ ಸುಟ್ಟುಕೊಂಡು ಬಂದರು. “ವೀಕೆಂಡ್ ಹೇಗಿತ್ತು?” ಎಂದ ಒಬ್ಬ. “ಪರವಾಗಿಲ್ಲ, ಒಂದು ಪಿಕ್ಚರ್ ನೋಡಿದೆ” ಎಂದೆ.

ಬುಧವಾರ ಗಣೇಶನ ಚೌತಿ. ಊರಲ್ಲಿ ಸೂತಕ, ಮನೆಗೆ ಗಣಪತಿ ಇಲ್ಲ. ಇಲ್ಲಿ ಪರಿಚಯದ ಕನ್ನಡದ ಮನೆಯವರೊಬ್ಬರು ಏನೂ ಗೊತ್ತಿಲ್ಲದೆ ಡಬ್ಬಿಯಲ್ಲಿ ಕಡುಬು ಕಳಿಸಿದರು. ತಿನ್ನಬಹುದೋ, ಬಾರದೋ? ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಹಿರಿಯರನ್ನು ಕೇಳಿದರು. ಒಬ್ಬರು ಬೇಡ ಅಂದರಂತೆ, ಇನ್ನೊಬ್ಬರು ಸಮುದ್ರ ದಾಟಿದವನಿಗೆ ಎಂಥ ಸೂತಕ ಅಂದರಂತೆ. ಇಬ್ಬರೂ ಅಲ್ಲೇ ಜಗಳಕ್ಕೆ ನಿಂತರು!

“ಅಜ್ಜ ಇದ್ದಿದ್ರೆ ಎಂಥ ಹೇಳ್ತಿದ್ರು?” ಎಂದೆ.

ಅಮ್ಮ ಅಳುತ್ತಲೇ ನಕ್ಕರು. “ಆರೋಕ್ಕೆ ಮುಂಚೆ ತಿನ್ನು ಅಂತಿದ್ರು.”

ಆಗಲೇ ಆರಿತ್ತು. ಐದು ಕಡುಬನ್ನೂ ತಿಂದೆ. ಡಬ್ಬಿ ತೊಳೆದಿಟ್ಟು ಪ್ರಬಂಧದ ಮೂರನೇ ಅಧ್ಯಾಯ ತೆರೆದೆ.